ಸುಜಾನ್ ಲೆಂಗ್ಲೆನ್: ಗೆಲುವು ಮತ್ತು ಅದರ ಬೆಲೆ

ಆಟಗಾರರ ಕೀರ್ತಿಯು ಸಾಮಾನ್ಯವಾಗಿ ಅಲ್ಪಾಯುವಾದುದು. ಕವಿಯ ಕಾವ್ಯವು ಅವನು ಹೋದ ಮೇಲೂ ಓದುಗರ ಕೈಯಲ್ಲಿರುತ್ತದೆ. ಶಿಲ್ಪಿಯ ಕೆಲಸವು ಕಲ್ಲಿನಲ್ಲಿ ನಿಂತಿರುತ್ತದೆ. ಆಟಗಾರನ ಕೌಶಲವಾದರೋ ಚೆಂಡು ನೆಲಕ್ಕೆ ಬಿದ್ದೊಡನೆಯೇ ಮುಗಿದುಹೋಗುವಂಥದು. ಅನಂತರ ಉಳಿಯುವುವು ಕೆಲವು ಅಂಕಿಗಳು, ಮಾಸಿದ ಕೆಲವು ಛಾಯಾಚಿತ್ರಗಳು, ನೋಡಿದವರ ನೆನಪುಗಳು. ನೋಡಿದವರೂ ಒಬ್ಬೊಬ್ಬರಾಗಿ ಮರೆಯಾದ ಮೇಲೆ ಅಂಕಿಗಳಿಗೇ ಮಾತನಾಡುವ ಭಾರ ಬೀಳುತ್ತದೆ. ಫ್ರಾನ್ಸ್ ದೇಶದ ಟೆನಿಸ್ ಆಟಗಾರ್ತಿ ಸುಜಾನ್ ಲೆಂಗ್ಲೆನ್ ತೀರಿಕೊಂಡು ಎಂಬತ್ತು ವರ್ಷಗಳಿಗೂ ಮಿಕ್ಕಿದೆ. ಆಕೆಯ ವಿಷಯದಲ್ಲಿ ಉಳಿದಿರುವ ಅಂಕಿಗಳೇ ಬೆರಗು ಹುಟ್ಟಿಸುವಂಥವು. ಮೊದಲನೆಯ ಮಹಾಯುದ್ಧವು ಮುಗಿದ ಮೇಲೆ, 1919ರಿಂದ 1926ರವರೆಗೆ, ಆಕೆ ಆಡಲಿಳಿದ ಸಿಂಗಲ್ಸ್ ಪಂದ್ಯಗಳಲ್ಲಿ ಸೋಲೆಂದು ದಾಖಲಾದುದು ಒಂದೇ ಒಂದು. ಅದೂ ಕೊನೆಯವರೆಗೆ ಆಡಿ ಮುಗಿಸಿದ ಪಂದ್ಯವಲ್ಲ. ವಿಂಬಲ್ಡನ್ನಿನಲ್ಲಿ 6 ಬಾರಿ ಸಿಂಗಲ್ಸ್, 6 ಬಾರಿ ಮಹಿಳೆಯರ ಡಬಲ್ಸ್, 3 ಬಾರಿ ಮಿಶ್ರ ಡಬಲ್ಸ್, ಹೀಗೆ ಒಟ್ಟು 15 ಪ್ರಶಸ್ತಿಗಳು ಆಕೆಯವಾದುವು.

ಇಷ್ಟನ್ನು ಓದಿ ಪುಸ್ತಕವನ್ನು ಮುಚ್ಚಿದವರಿಗೆ ಆಕೆಯ ಬಾಳಿನ ಮುಖ್ಯ ಸಂಗತಿಯೊಂದು ತಿಳಿಯದೆ ಹೋಗುತ್ತದೆ. ಒಬ್ಬ ಹೆಣ್ಣುಮಗಳು ತನ್ನ ಬಾಲ್ಯವನ್ನೂ ಆರೋಗ್ಯವನ್ನೂ ಯೌವನವನ್ನೂ ಒಂದು ಆಟಕ್ಕೆ ಧಾರೆಯೆರೆದಳು. ಆ ಆಟವನ್ನು ನೋಡಲು ಸಹಸ್ರಾರು ಜನ ಹಣ ತೆತ್ತು ಬಂದರು. ಆ ಹಣ ಯಾರ ಪಾಲಿಗೆ ಹೋಯಿತು, ಯಾರ ಪಾಲಿಗೆ ಹೋಗಬೇಕಾಗಿದ್ದಿತು? ಈ ಪ್ರಶ್ನೆಯನ್ನು ಟೆನಿಸ್ ಲೋಕದ ಮುಂದೆ ಎಲ್ಲರಿಗೂ ಕೇಳಿಸುವಂತೆ ಎತ್ತಿದವಳು ಸುಜಾನ್ ಲೆಂಗ್ಲೆನ್. ಎತ್ತಿದ ತಪ್ಪಿಗೆ ತಾನು ಆಳಿದ ಅಂಗಣದಿಂದ ಆಕೆ ಹೊರಗಾಗಬೇಕಾಯಿತು. ಆಕೆಯ ಚರಿತ್ರೆಯನ್ನು ಈ ದೃಷ್ಟಿಯಿಂದ ಒಮ್ಮೆ ನೋಡುವುದು ಉಚಿತ.

ಸುಜಾನ್ ಹುಟ್ಟಿದ್ದು 1899ರ ಮೇ 24ರಂದು, ಪ್ಯಾರಿಸ್ ನಗರದಲ್ಲಿ. ತಂದೆ ಶಾರ್ಲ್ ಲೆಂಗ್ಲೆನ್, ತಾಯಿ ಅನಾಯಿಸ್. ಕುದುರೆಗಳು ಎಳೆಯುವ ಬಸ್ಸುಗಳ ವ್ಯವಹಾರದಿಂದ ಬಂದ ಅನುಕೂಲ ಆ ಮನೆತನಕ್ಕಿದ್ದಿತು. ದಂಪತಿಗಳಿಗೆ ಉಳಿದ ಮಗು ಇವಳೊಬ್ಬಳೇ. ಆದರೆ ಮಗುವಿನ ದೇಹಸ್ಥಿತಿ ದುರ್ಬಲವಾಗಿದ್ದಿತು. ಉಬ್ಬಸದ ಉಪದ್ರವವೂ ಸೇರಿದಂತೆ ಒಂದಲ್ಲ ಒಂದು ಕಾಯಿಲೆ ಬೆನ್ನು ಹತ್ತಿದ್ದಿತು. ಬಯಲಿನ ಗಾಳಿಯೂ ವ್ಯಾಯಾಮವೂ ಮಗಳಿಗೆ ಹಿತವಾಗಬಹುದೆಂದು ಭಾವಿಸಿ ತಂದೆಯು 1910ರಲ್ಲಿ ಅವಳ ಕೈಗೆ ಒಂದು ಟೆನಿಸ್ ರ‍್ಯಾಕೆಟನ್ನು ಕೊಟ್ಟನು. ಆಗ ಅವಳಿಗೆ ವಯಸ್ಸು 11. ಕೆಲವು ತಿಂಗಳುಗಳಲ್ಲಿಯೇ ಹುಡುಗಿಯ ಕೈಚಳಕವು ತಂದೆಯ ಕಣ್ಣಿಗೆ ಬಿದ್ದಿತು. ಔಷಧಿಯೆಂದು ಕೊಟ್ಟ ಆಟವು ಅಂದಿನಿಂದ ವ್ರತವಾಯಿತು.

ಚಳಿಗಾಲವನ್ನು ಆ ಕುಟುಂಬವು ದಕ್ಷಿಣ ಫ್ರಾನ್ಸಿನ ಸಮುದ್ರತೀರದ ನೀಸ್ ಪಟ್ಟಣದಲ್ಲಿ ಕಳೆಯುತ್ತಿದ್ದಿತು. ಯುರೋಪಿನ ಸಿರಿವಂತರೂ ರಾಜಮನೆತನದವರೂ ಚಳಿಯನ್ನು ತಪ್ಪಿಸಿಕೊಳ್ಳಲು ಬಂದಿಳಿಯುತ್ತಿದ್ದ ತಾಣವದು. ಅಲ್ಲಿನ ಟೆನಿಸ್ ಕ್ಲಬ್ಬು ಲೆಂಗ್ಲೆನ್ ಮನೆಯ ಎದುರಿಗೇ ಇದ್ದಿತು. ಶಾರ್ಲ್ ಲೆಂಗ್ಲೆನ್ ಸ್ವತಃ ದೊಡ್ಡ ಆಟಗಾರನಲ್ಲ. ಆದರೆ ಆತನು ಅಂಗಣದ ಬದಿಯಲ್ಲಿ ಕುಳಿತು, ಬಂದ ಶ್ರೇಷ್ಠ ಆಟಗಾರರನ್ನೆಲ್ಲ ಸೂಕ್ಷ್ಮವಾಗಿ ಗಮನಿಸಿ, ಯಾರ ಹೊಡೆತದಲ್ಲಿ ಯಾವುದು ಉತ್ತಮವೆಂಬುದನ್ನು ಮನಸ್ಸಿನಲ್ಲಿ ಟಿಪ್ಪಣಿ ಮಾಡಿಕೊಂಡನು. ಹೆಂಗಸರ ಆಟವು ಅಂದು ಹೆಚ್ಚಾಗಿ ಅಂಗಣದ ಹಿಂದಿನ ಗೆರೆಯ ಬಳಿ ನಿಂತು ಚೆಂಡನ್ನು ಹಿಂತಿರುಗಿಸುವುದರಲ್ಲಿಯೇ ಮುಗಿಯುತ್ತಿದ್ದಿತು. ತನ್ನ ಮಗಳು ಗಂಡಸರಂತೆ ಬಲೆಯ ಬಳಿಗೆ ನುಗ್ಗಬೇಕು, ಚೆಂಡು ನೆಲ ಮುಟ್ಟುವ ಮೊದಲೇ ಹೊಡೆಯಬೇಕು ಎಂದು ಆತನು ನಿಶ್ಚಯಿಸಿದನು. ಅದಕ್ಕಾಗಿ ಗಂಡಸರನ್ನೇ ಎದುರಾಳಿಗಳನ್ನಾಗಿ ಹುಡುಕಿ ತಂದನು. ಹಗ್ಗ ಹಾರುವುದು, ಓಟ, ಈಜು, ಇವೆಲ್ಲವೂ ದಿನಚರಿಯಲ್ಲಿ ಸೇರಿದುವು.

ತಂದೆಯ ಶಿಕ್ಷಣಕ್ರಮವನ್ನು ಕುರಿತು ಹಲವು ಕತೆಗಳು ಬೆಳೆದಿವೆ. ಅಂಗಣದ ಒಂದು ಮೂಲೆಯಲ್ಲಿ ಕರವಸ್ತ್ರವನ್ನು ಹಾಸಿ, ಅದರ ಮೇಲೆಯೇ ಚೆಂಡು ಬೀಳುವಂತೆ ಹೊಡೆಯಲು ಹೇಳುತ್ತಿದ್ದನಂತೆ. ಮಗಳು ಅದನ್ನು ಸಾಧಿಸಿದೊಡನೆ ಕರವಸ್ತ್ರವನ್ನು ಮಡಚಿ ಅರ್ಧ ಮಾಡುತ್ತಿದ್ದನಂತೆ. ಕೊನೆಗೆ ಅದರ ಜಾಗಕ್ಕೆ ನಾಣ್ಯವೇ ಬಂದಿತಂತೆ. ಚೆನ್ನಾಗಿ ಆಡದ ದಿನ ಹುಡುಗಿಯ ರೊಟ್ಟಿಗೆ ಜಾಮ್ ಇರುತ್ತಿರಲಿಲ್ಲವೆಂದೂ ಹೇಳುವುದುಂಟು. ಕತೆಗಳಲ್ಲಿ ಬಣ್ಣ ಎಷ್ಟೇ ಸೇರಿರಲಿ, ಅವುಗಳ ತಿರುಳು ನಿಜ. ಸುಜಾನಳ ಆಟದ ಮುಖ್ಯ ಗುಣ ಬಲವಲ್ಲ, ನಿಖರತೆ. ಎದುರಾಳಿ ಎಲ್ಲಿಲ್ಲವೋ ಅಲ್ಲಿಗೆ, ಗೆರೆಗೆ ಅಂಗುಲಗಳಷ್ಟೇ ದೂರದಲ್ಲಿ, ಮತ್ತೆ ಮತ್ತೆ ಚೆಂಡನ್ನು ಕಳುಹಿಸಬಲ್ಲ ಶಕ್ತಿ ಆಕೆಗಿದ್ದಿತು. ಆ ಶಕ್ತಿಯ ಜೊತೆಗೆ ಮತ್ತೊಂದು ವಸ್ತುವೂ ಆಕೆಯೊಳಗೆ ಬೇರೂರಿತು: ತಪ್ಪು ಮಾಡಬಾರದೆಂಬ ಭಯ. ಪಂದ್ಯಕ್ಕೆ ಮುಂಚೆ ನಿದ್ರೆಯಿಲ್ಲದ ರಾತ್ರಿಗಳು, ಆಮೇಲೆ ಅಳು, ನಡುನಡುವೆ ಕಾಯಿಲೆ, ಇವು ಕೊನೆಯವರೆಗೂ ಆಕೆಯನ್ನು ಬಿಡಲಿಲ್ಲ.

ಫಲವು ಬೇಗನೆ ಬಂದಿತು. 1914ರಲ್ಲಿ ಪ್ಯಾರಿಸಿನ ಹೊರವಲಯದಲ್ಲಿ ನಡೆದ ವಿಶ್ವ ಹಾರ್ಡ್ ಕೋರ್ಟ್ ಚಾಂಪಿಯನ್‌ಷಿಪ್ಪನ್ನು, ಅಂದರೆ ಮಣ್ಣಿನ ಅಂಗಣದ ಪ್ರಪಂಚ ಪ್ರಶಸ್ತಿಯನ್ನು, ಆಕೆ ಗೆದ್ದಳು. 15 ವರ್ಷ ತುಂಬಿ ಇನ್ನೂ ಒಂದು ತಿಂಗಳೂ ಆಗಿರಲಿಲ್ಲ. ಅಮೆರಿಕದ ಎಲಿಜಬೆತ್ ರಯಾನಳೊಡನೆ ಸೇರಿ ಡಬಲ್ಸನ್ನೂ ಗೆದ್ದಳು. ಇಬ್ಬರ ಈ ಜೋಡಿ ಮುಂದೆ ವಿಂಬಲ್ಡನ್ನಿನಲ್ಲಿ ಆಡಿದ ಒಂದು ಪಂದ್ಯವನ್ನೂ ಸೋಲಲಿಲ್ಲ. ಆದರೆ ಅದೇ ವರ್ಷದ ಆಗಸ್ಟಿನಲ್ಲಿ ಯುದ್ಧವು ಆರಂಭವಾಯಿತು. ಯುರೋಪಿನ ಅಂಗಣಗಳು ಬರಿದಾದುವು. ಆಟಗಾರರಲ್ಲಿ ಅನೇಕರು ರಣರಂಗಕ್ಕೆ ಹೋದರು, ಕೆಲವರು ಹಿಂತಿರುಗಲಿಲ್ಲ. 15ರ ಹುಡುಗಿ ನೀಸಿನಲ್ಲಿ ಅಭ್ಯಾಸ ಮಾಡುತ್ತ ಮಾಡುತ್ತ 20ರ ಯುವತಿಯಾದಳು.

1919ರ ವಿಂಬಲ್ಡನ್ ಆಕೆಯನ್ನು ಲೋಕಪ್ರಸಿದ್ಧಳನ್ನಾಗಿ ಮಾಡಿತು. ಹುಲ್ಲಿನ ಅಂಗಣದಲ್ಲಿ ದೊಡ್ಡ ಸ್ಪರ್ಧೆಗೆ ಆಕೆ ಇಳಿದುದು ಅದೇ ಮೊದಲು. ಅಂದಿನ ಪದ್ಧತಿಯಂತೆ ಹಿಂದಿನ ವಿಜೇತೆಯು ಆರಂಭದ ಸುತ್ತುಗಳನ್ನು ಆಡಬೇಕಾಗಿರಲಿಲ್ಲ. ಉಳಿದವರೆಲ್ಲರನ್ನೂ ಗೆದ್ದುಬಂದವಳೊಡನೆ ಕೊನೆಯಲ್ಲಿ ಒಂದೇ ಪಂದ್ಯವನ್ನು ಆಡಿದರೆ ಸಾಕು. ಹಾಗೆ ಕಾದಿದ್ದವಳು ಇಂಗ್ಲೆಂಡಿನ ಡೊರೊಥಿಯಾ ಲ್ಯಾಂಬರ್ಟ್ ಚೇಂಬರ್ಸ್. 7 ಬಾರಿ ವಿಂಬಲ್ಡನ್ ಗೆದ್ದವಳು, ಪಾದ್ರಿಯ ಮಗಳು, 40 ವರ್ಷದ ಗೃಹಿಣಿ. ಆಕೆಯ ಉಡುಪು ಹಳೆಯ ಕಾಲದ ಮರ್ಯಾದೆಗೆ ತಕ್ಕಂತೆ ಉದ್ದ ತೋಳಿನದು, ನೆಲಕ್ಕೆ ಸಮೀಪಿಸುವ ಲಂಗದ್ದು. ಎದುರಿಗೆ ಬಂದ ಸುಜಾನಳಾದರೋ ಒಳಕವಚದ ಬಿಗಿತವನ್ನು ತೊರೆದು, ಗಿಡ್ಡ ತೋಳಿನ ತೆಳು ಉಡುಪನ್ನೂ ಮೀನಖಂಡದವರೆಗಿನ ಲಂಗವನ್ನೂ ತೊಟ್ಟಿದ್ದಳು. ಇಂಗ್ಲೆಂಡಿನ ಸಭ್ಯ ಪ್ರೇಕ್ಷಕರಿಗೆ ಇದು ಮೊದಲು ಆಘಾತ, ಆಮೇಲೆ ಕುತೂಹಲ, ಕೊನೆಗೆ ಮೆಚ್ಚಿಕೆ. ದೊರೆ ಐದನೆಯ ಜಾರ್ಜನೂ ರಾಣಿ ಮೇರಿಯೂ ನೋಡಲು ಬಂದಿದ್ದರು.

ಜುಲೈ 5ರಂದು ನಡೆದ ಆ ಪಂದ್ಯವನ್ನು ಟೆನಿಸ್ ಇತಿಹಾಸಕಾರರು ಇಂದಿಗೂ ನೆನೆಯುತ್ತಾರೆ. ಮಹಿಳೆಯರ ಪಂದ್ಯದಲ್ಲಿ ಮೂರು ಸೆಟ್‌ಗಳಲ್ಲಿ ಎರಡನ್ನು ಗೆದ್ದವಳು ವಿಜಯಿ. ಒಂದು ಸೆಟ್ ಗೆಲ್ಲಲು ಅಂದು ಕನಿಷ್ಠ ಆರು ಗೇಮ್‌ಗಳು ಬೇಕಾಗಿದ್ದುವು, ಎರಡು ಗೇಮ್‌ಗಳ ಅಂತರವೂ ಬೇಕಾಗಿದ್ದಿತು. ಮೊದಲ ಸೆಟ್ಟನ್ನು ಸುಜಾನ್ 10-8ರಿಂದ ಗೆದ್ದಳು. ಎರಡನೆಯದನ್ನು ಲ್ಯಾಂಬರ್ಟ್ ಚೇಂಬರ್ಸ್ 6-4ರಿಂದ ಗೆದ್ದಳು. ತಂದೆಯು ಅಂಗಣದ ಬದಿಯಿಂದ ಬ್ರಾಂದಿಯ ಪುಟ್ಟ ಸೀಸೆಯನ್ನು ಮಗಳಿಗೆ ಒದಗಿಸಿದನು. ಸುಜಾನ್ ಎಲ್ಲರೆದುರಿಗೇ ಗುಟುಕರಿಸಿದಳು. ಮೂರನೆಯ ಸೆಟ್ಟಿನಲ್ಲಿ ಸುಜಾನ್ 4-1ರಿಂದ ಮುಂದಿದ್ದರೂ ಹಳೆಯ ರಾಣಿ ಬಿಟ್ಟುಕೊಡದೆ ಹೋರಾಡಿ 6-5ಕ್ಕೆ ಏರಿದಳು. ಆ ಗೇಮಿನಲ್ಲಿ 40-15. ಇನ್ನೊಂದು ಅಂಕ ಬಂದರೆ ಎಂಟನೆಯ ಪ್ರಶಸ್ತಿ. ಅದನ್ನು ಪಡೆಯಲು ಎರಡು ಅವಕಾಶಗಳು. ಮೊದಲನೆಯ ಅವಕಾಶದಲ್ಲಿ ಸುಜಾನ್ ಓಡಿಬಂದು ಚಾಚಿದ ರ‍್ಯಾಕೆಟ್ಟಿನ ಮರದ ಅಂಚಿಗೆ ಚೆಂಡು ತಗುಲಿತು. ತಂತಿಗೆ ತಗುಲದ ಆ ಚೆಂಡು ಹೇಗೋ ಬಲೆಯನ್ನು ದಾಟಿ ಆಚೆಗೆ ಬಿದ್ದಿತು. ಎರಡನೆಯ ಅವಕಾಶವೂ ತಪ್ಪಿತು. ಕೊನೆಗೆ 9-7ರಿಂದ ಸುಜಾನ್ ಗೆದ್ದಳು. ಒಟ್ಟು 44 ಗೇಮ್‌ಗಳ ಆ ಪಂದ್ಯ, ವಿಂಬಲ್ಡನ್ ಮಹಿಳಾ ಅಂತಿಮ ಪಂದ್ಯಗಳಲ್ಲಿ ಅತಿ ದೀರ್ಘವಾದುದೆಂಬ ಹೆಸರನ್ನು 1970ರವರೆಗೆ ಉಳಿಸಿಕೊಂಡಿದ್ದಿತು.

ನಿಖರತೆಗೆ ಹೆಸರಾದವಳ ಸಾಮ್ರಾಜ್ಯವು ಗುರಿತಪ್ಪಿದ ಒಂದು ಹೊಡೆತದಿಂದ ಉಳಿಯಿತೆಂಬುದು ದೈವದ ವಿನೋದ. ಆ ಮೇಲೆ ಅಂಥ ಅದೃಷ್ಟದ ಅಗತ್ಯ ಆಕೆಗೆ ಹೆಚ್ಚು ಬೀಳಲಿಲ್ಲ. ಮರುವರ್ಷ ಅದೇ ಎದುರಾಳಿಯನ್ನು 6-3, 6-0ರಿಂದ ಸೋಲಿಸಿದಳು. 1920ರಲ್ಲಿಯೇ ಬೆಲ್ಜಿಯಂ ದೇಶದ ಆಂಟ್‌ವರ್ಪ್‌ನಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿ ಸಿಂಗಲ್ಸ್ ಚಿನ್ನದ ಪದಕವನ್ನು ಪಡೆದಳು. ಆಡಿದ 10 ಸೆಟ್‌ಗಳಲ್ಲಿ ಎದುರಾಳಿಗಳಿಗೆಲ್ಲ ಸೇರಿ ಬಿಟ್ಟುಕೊಟ್ಟುದು 4 ಗೇಮ್‌ಗಳನ್ನು ಮಾತ್ರ. ಮಾಕ್ಸ್ ದೆಕುಜಿಯೊಡನೆ ಮಿಶ್ರ ಡಬಲ್ಸಿನಲ್ಲಿ ಮತ್ತೊಂದು ಚಿನ್ನ, ಮಹಿಳೆಯರ ಡಬಲ್ಸಿನಲ್ಲಿ ಕಂಚು ಬಂದುವು.

ಯುದ್ಧದಲ್ಲಿ ಸೊರಗಿದ ಫ್ರಾನ್ಸಿಗೆ ಆಕೆ ಹೆಮ್ಮೆಯ ವಸ್ತುವಾದಳು. ಯುದ್ಧಾನಂತರದ ಹೆಂಗಸರಿಗೆ ಹೊಸ ಸ್ವಾತಂತ್ರ್ಯದ ಕುರುಹಾದಳು. ವಸ್ತ್ರವಿನ್ಯಾಸಕಾರ ಜಾನ್ ಪಾತು ಆಕೆಗೆಂದೇ ತೋಳಿಲ್ಲದ ಉಡುಪುಗಳನ್ನೂ ನೆರಿಗೆಯ ರೇಷ್ಮೆ ಲಂಗಗಳನ್ನೂ ರೂಪಿಸಿದನು. ಹಣೆಯ ಮೇಲೆ ಬಿಗಿದು ಕಟ್ಟುವ ಬಣ್ಣದ ಪಟ್ಟಿಯನ್ನು ಆಕೆ ಧರಿಸಿದಳು. ಊರೂರುಗಳ ಹುಡುಗಿಯರು ಅದನ್ನು ಅನುಕರಿಸಿದರು. ಚೆಂಡಿನ ಹಿಂದೆ ಗಾಳಿಯಲ್ಲಿ ಜಿಗಿದು, ಕಾಲುಗಳನ್ನು ಚಾಚಿ, ಮರಳಿ ನೆಲಕ್ಕಿಳಿಯುವ ಆಕೆಯ ಚಲನೆಯು ನೃತ್ಯವೇ ಎಂದು ನೋಡಿದವರು ಬರೆದಿದ್ದಾರೆ. 1924ರಲ್ಲಿ ಪ್ಯಾರಿಸಿನಲ್ಲಿ ದಿಯಾಗಿಲೆಫನ ರಷ್ಯನ್ ಬ್ಯಾಲೆ ಸಂಸ್ಥೆಯು ಪ್ರದರ್ಶಿಸಿದ ನೀಲಿ ರೈಲು ಎಂಬ ನೃತ್ಯರೂಪಕದಲ್ಲಿ ಟೆನಿಸ್ ಆಟಗಾರ್ತಿಯ ಪಾತ್ರವೊಂದಿದೆ. ಕವಿ ಜಾನ್ ಕೊಕ್ತೊ ಕಥಾವಸ್ತುವನ್ನು ಹೆಣೆದ, ಮಿಲೋ ಸಂಗೀತ ನೀಡಿದ, ಶನೆಲ್ ಉಡುಪುಗಳನ್ನು ಒದಗಿಸಿದ ಆ ಕೃತಿಯಲ್ಲಿ, ನಿಜಿನ್ಸ್ಕಾ ತಾನೇ ನರ್ತಿಸಿದ ಆ ಪಾತ್ರಕ್ಕೆ ಮೂಲ ಲೆಂಗ್ಲೆನ್. ಕ್ರೀಡೆಯು ಕಲೆಗೆ ವಸ್ತುವಾದ ಇಂಥ ಉದಾಹರಣೆ ಅಪೂರ್ವ.

ಇಷ್ಟರ ನಡುವೆ ಆ ಒಂದು ಸೋಲು. 1921ರಲ್ಲಿ, ಯುದ್ಧದಿಂದ ಹಾಳಾದ ಫ್ರಾನ್ಸಿನ ಪ್ರಾಂತಗಳ ಸಹಾಯಾರ್ಥವಾಗಿ ಪ್ರದರ್ಶನ ಪಂದ್ಯಗಳನ್ನು ಆಡಲು ಆಕೆ ಅಮೆರಿಕಕ್ಕೆ ಹೊರಟಳು. ತಂದೆಗೆ ಈ ಪ್ರಯಾಣ ಇಷ್ಟವಿರಲಿಲ್ಲ; ಆತನು ಜೊತೆಗೆ ಹೋಗಲೂ ಇಲ್ಲ. ತಾಯಿಯೊಡನೆ ಹಡಗು ಹತ್ತಿದ ಸುಜಾನ್ ದಾರಿಯಲ್ಲಿಯೂ ಅಸ್ವಸ್ಥಳಾಗಿದ್ದಳು. ಇಳಿದ ಕೆಲವೇ ದಿನಗಳಲ್ಲಿ ನ್ಯೂಯಾರ್ಕಿನ ಫಾರೆಸ್ಟ್ ಹಿಲ್ಸಿನಲ್ಲಿ ಅಮೆರಿಕದ ಚಾಂಪಿಯನ್‌ಷಿಪ್. ಮೊದಲ ಸುತ್ತಿನ ಎದುರಾಳಿ ಬರಲಿಲ್ಲ. ಎರಡನೆಯ ಸುತ್ತಿನಲ್ಲಿಯೇ ಮೊಲ್ಲಾ ಮ್ಯಾಲರಿ ಎದುರಾದಳು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿ, ಒಟ್ಟು 8 ಬಾರಿ ಆ ದೇಶದ ಪ್ರಶಸ್ತಿಯನ್ನು ಗೆದ್ದ ಗಟ್ಟಿಗಿತ್ತಿ ಅವಳು. ಮೊದಲ ಸೆಟ್ 6-2ರಿಂದ ಮ್ಯಾಲರಿಯ ವಶವಾಯಿತು. ಎರಡನೆಯ ಸೆಟ್ಟಿನ ಆರಂಭದಲ್ಲಿಯೇ ಸುಜಾನ್ ಕೆಮ್ಮುತ್ತ ಅಳುತ್ತ ಆಟವನ್ನು ನಿಲ್ಲಿಸಿ ಹೊರನಡೆದಳು. ಪ್ರೇಕ್ಷಕರಲ್ಲಿ ಕೆಲವರು ಹೀಯಾಳಿಸಿದರು. ಕಾಯಿಲೆ ನಿಜವೇ, ಸೋಲಿನ ಭಯದಿಂದ ಹೂಡಿದ ನೆಪವೇ ಎಂಬ ಚರ್ಚೆ ಎರಡು ಖಂಡಗಳ ಪತ್ರಿಕೆಗಳಲ್ಲಿ ನಡೆಯಿತು. ಬಾಲ್ಯದಿಂದ ಶ್ವಾಸದ ತೊಂದರೆಯಿದ್ದವಳಿಗೆ ಕಾಯಿಲೆಯು ಸುಳ್ಳಾಗಿರಬೇಕಾಗಿಲ್ಲ. ಸೋಲನ್ನೇ ಅರಿಯದಂತೆ ಬೆಳೆಸಿದವಳಿಗೆ ಭಯವೂ ಸುಳ್ಳಾಗಿರಬೇಕಾಗಿಲ್ಲ. ಎರಡೂ ಒಂದೇ ದೇಹದಲ್ಲಿ ಕೂಡಿಕೊಂಡಿದ್ದುವು.

ಮರುವರ್ಷದ ವಿಂಬಲ್ಡನ್ ಅಂತಿಮ ಪಂದ್ಯದಲ್ಲಿ ಇಬ್ಬರೂ ಮತ್ತೆ ಎದುರಾದರು. ಸುಜಾನ್ 6-2, 6-0ರಿಂದ ಗೆದ್ದಳು. ಪಂದ್ಯ ಅರ್ಧ ಗಂಟೆಯನ್ನೂ ತೆಗೆದುಕೊಳ್ಳಲಿಲ್ಲ. ಆ ವರ್ಷ, 1922ರಲ್ಲಿ, ವಿಂಬಲ್ಡನ್ ಸ್ಪರ್ಧೆಯು ವರ್ಪಲ್ ರಸ್ತೆಯ ಇಕ್ಕಟ್ಟಾದ ಹಳೆಯ ಮೈದಾನವನ್ನು ಬಿಟ್ಟು ಚರ್ಚ್ ರಸ್ತೆಯ ವಿಶಾಲವಾದ ಹೊಸ ಮೈದಾನಕ್ಕೆ ಬಂದಿದ್ದಿತು. ಹಳೆಯ ಜಾಗವು ಸಾಲದಾದುದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು, ಲೆಂಗ್ಲೆನ್ ಆಟವನ್ನು ನೋಡಲು ಮುಗಿಬೀಳುತ್ತಿದ್ದ ಜನಸಂದಣಿ. ಹಿಂದಿನ ವಿಜೇತೆ ಅಂತಿಮ ಪಂದ್ಯಕ್ಕಾಗಿ ಕಾದು ಕುಳಿತುಕೊಳ್ಳುವ ಪದ್ಧತಿಯೂ ಅದೇ ವರ್ಷ ರದ್ದಾಯಿತು. ಎಲ್ಲ ಸುತ್ತುಗಳನ್ನೂ ಆಡಬೇಕಾಗಿ ಬಂದುದರಿಂದ ಸುಜಾನಳಿಗೆ ಆದ ನಷ್ಟವೇನೂ ಇಲ್ಲ. 1923ರಲ್ಲಿ ಮತ್ತೆ ಗೆದ್ದಳು. 1924ರಲ್ಲಿ ಕಾಮಾಲೆಯಿಂದ ಬಳಲಿ, ಗೆಳತಿ ರಯಾನಳಿಗೆ ಒಂದು ಸೆಟ್ ಸೋತು ಪಂದ್ಯವನ್ನು ಗೆದ್ದರೂ, ಮುಂದೆ ಆಡಲಾರದೆ ಸ್ಪರ್ಧೆಯಿಂದ ಹಿಂದೆ ಸರಿದಳು. ಆ ವರ್ಷ ತನ್ನ ಊರಾದ ಪ್ಯಾರಿಸಿನಲ್ಲಿಯೇ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿಯೂ ಭಾಗವಹಿಸಲಾಗಲಿಲ್ಲ.

1925ರಲ್ಲಿ ಆಕೆಯ ಕೌಶಲವು ಶಿಖರವನ್ನು ಮುಟ್ಟಿತು. ಅದುವರೆಗೆ ಫ್ರೆಂಚ್ ಕ್ಲಬ್ಬುಗಳ ಸದಸ್ಯರಿಗೆ ಮೀಸಲಾಗಿದ್ದ ಫ್ರೆಂಚ್ ಚಾಂಪಿಯನ್‌ಷಿಪ್ ಆ ವರ್ಷ ಎಲ್ಲ ದೇಶದವರಿಗೂ ತೆರೆಯಿತು. ಸಿಂಗಲ್ಸ್, ಡಬಲ್ಸ್, ಮಿಶ್ರ ಡಬಲ್ಸ್ ಮೂರನ್ನೂ ಆಕೆ ಗೆದ್ದಳು. ಕೆಲವೇ ವಾರಗಳಲ್ಲಿ ವಿಂಬಲ್ಡನ್ನಿನಲ್ಲಿಯೂ ಮೂರೂ ಆಕೆಯ ಪಾಲಾದುವು. ಅಲ್ಲಿ ಸಿಂಗಲ್ಸಿನ 5 ಪಂದ್ಯಗಳಲ್ಲಿ ಆಕೆ ಕಳೆದುಕೊಂಡುದು ಒಟ್ಟು 5 ಗೇಮ್‌ಗಳು. ಹಿಂದಿನ ವರ್ಷದ ವಿಜೇತೆ ಕಿಟ್ಟಿ ಮೆಕೇನ್ ಸೆಮಿಫೈನಲ್ಲಿನಲ್ಲಿ ಎದುರಾದಾಗ ಅವಳಿಗೆ ಒಂದು ಗೇಮೂ ದೊರೆಯಲಿಲ್ಲ, 6-0, 6-0.

ಇಂಥ ಪರಿಪೂರ್ಣತೆಗೆ ಒಂದು ಶಾಪವಿದೆ. ನೋಡುವವರು ಗೆಲುವನ್ನು ನೋಡಲು ಬರುವುದನ್ನು ಬಿಟ್ಟು, ಈ ಸಲವಾದರೂ ಸೋತಾಳೆಯೇ ಎಂದು ನೋಡಲು ಬರುತ್ತಾರೆ. 1926ರ ಫೆಬ್ರವರಿ 16ರಂದು ಫ್ರಾನ್ಸಿನ ಕಾನ್ ಪಟ್ಟಣದ ಕಾರ್ಲ್‌ಟನ್ ಕ್ಲಬ್ಬಿನಲ್ಲಿ ನೆರೆದ ಜನರ ಮನಸ್ಸಿನಲ್ಲಿದ್ದುದು ಇದೇ. ಎದುರಾಳಿ ಕ್ಯಾಲಿಫೋರ್ನಿಯಾದ ಹೆಲೆನ್ ವಿಲ್ಸ್, 20 ವರ್ಷದವಳು, ಆಗಲೇ 3 ಬಾರಿ ಅಮೆರಿಕದ ಚಾಂಪಿಯನ್. ಮುಖದಲ್ಲಿ ಭಾವವಿಕಾರವನ್ನೇ ತೋರದೆ ಬಲವಾಗಿ ಹೊಡೆಯುವ ಹುಡುಗಿ. ಸುಜಾನಳ ವಯಸ್ಸು 26. ಪಂದ್ಯದ ವರದಿಗಾಗಿ ದೇಶದೇಶಗಳ ಪತ್ರಕರ್ತರು ಬಂದಿಳಿದರು. ಸ್ಪ್ಯಾನಿಷ್ ಕಾದಂಬರಿಕಾರ ಬ್ಲಾಸ್ಕೊ ಇಬಾನ್ಯೆಸನೂ ಅವರಲ್ಲಿದ್ದನು. ಟಿಕೀಟು ದೊರೆಯದವರು ಸುತ್ತಲಿನ ಮರಗಳನ್ನೂ ಮಾಳಿಗೆಗಳನ್ನೂ ಹತ್ತಿದರು.

ಮೊದಲ ಸೆಟ್ 6-3ರಿಂದ ಸುಜಾನಳದಾಯಿತು. ಎರಡನೆಯದರಲ್ಲಿ ಆಕೆ ದಣಿದಿದ್ದಳು. ನಡುನಡುವೆ ಬ್ರಾಂದಿಯ ಗುಟುಕು ಬೇಕಾಯಿತು. 6-5, 40-15ಕ್ಕೆ ಬಂದು ಗೆಲುವು ಒಂದು ಅಂಕದಷ್ಟು ದೂರದಲ್ಲಿದ್ದಾಗ ವಿಲ್ಸ್ ಹೊಡೆದ ಚೆಂಡೊಂದು ಗೆರೆಯ ಬಳಿ ಬಿದ್ದಿತು. ಹೊರಗೆ ಎಂಬ ಕೂಗು ಕೇಳಿಸಿತು. ಪಂದ್ಯ ಮುಗಿಯಿತೆಂದು ಸುಜಾನ್ ಎದುರಾಳಿಯ ಕೈಕುಲುಕಿದಳು; ಹೂಗುಚ್ಛಗಳೊಡನೆ ಜನ ಅಂಗಣಕ್ಕೆ ನುಗ್ಗಿದರು. ಅಷ್ಟರಲ್ಲಿ ಗೆರೆಯ ತೀರ್ಪುಗಾರನು ಜನರ ನಡುವೆ ದಾರಿ ಮಾಡಿಕೊಂಡು ಅಂಪೈರನ ಬಳಿಗೆ ಬಂದು, ಕೂಗಿದವನು ತಾನಲ್ಲವೆಂದೂ ಚೆಂಡು ಒಳಗೇ ಬಿದ್ದಿತೆಂದೂ ತಿಳಿಸಿದನು. ಕೂಗು ಪ್ರೇಕ್ಷಕರ ಕಡೆಯಿಂದ ಬಂದಿದ್ದಿತು. ಗೆದ್ದೆನೆಂದು ನಂಬಿ ಮನಸ್ಸನ್ನು ಸಡಿಲಿಸಿದವಳು ಮತ್ತೆ ಆಡಬೇಕಾಯಿತು. ಆ ಗೇಮನ್ನು ಆಕೆ ಸೋತಳು, 6-6. ಎಷ್ಟೋ ಆಟಗಾರರು ಅಲ್ಲಿಯೇ ಕುಸಿಯುತ್ತಿದ್ದರು. ಸುಜಾನ್ ಮುಂದಿನ ಎರಡು ಗೇಮ್‌ಗಳನ್ನು ಗೆದ್ದು 8-6ರಿಂದ ಪಂದ್ಯವನ್ನು ಮುಗಿಸಿದಳು. ಆಮೇಲೆ ಕುಳಿತಲ್ಲಿಯೇ ಬಿಕ್ಕಿಬಿಕ್ಕಿ ಅತ್ತಳು. ಫಾರೆಸ್ಟ್ ಹಿಲ್ಸಿನಿಂದ ಅಂಟಿದ ಅಪವಾದಕ್ಕೆ, ಅಂದರೆ ಕಷ್ಟ ಬಂದೊಡನೆ ಓಡುವವಳೆಂಬ ಮಾತಿಗೆ, ಈ ಎರಡು ಗೇಮ್‌ಗಳೇ ಉತ್ತರ. ಇಬ್ಬರೂ ಸಿಂಗಲ್ಸಿನಲ್ಲಿ ಮತ್ತೆಂದೂ ಎದುರಾಗಲಿಲ್ಲ.

ಅದೇ ವರ್ಷದ ಜೂನ್ ತಿಂಗಳಿನಲ್ಲಿ ವಿಂಬಲ್ಡನ್ ಸಂಸ್ಥೆಯು ತನ್ನ ಸುವರ್ಣೋತ್ಸವದ ಸ್ಪರ್ಧೆಯನ್ನು ನಡೆಸಿತು. ಒಂದು ದಿನ ಡಬಲ್ಸಿಗೆ ಮುಂಚೆ ಸಿಂಗಲ್ಸ್ ಪಂದ್ಯವನ್ನೂ ಆಕೆಗೆ ಗೊತ್ತುಮಾಡಲಾಗಿದ್ದಿತು. ಆ ಬದಲಾವಣೆ ತನಗೆ ತಿಳಿದಿರಲಿಲ್ಲವೆಂಬುದು ಸುಜಾನಳ ವಾದ. ಆಕೆ ತಡವಾಗಿ ಬಂದಳು. ಅಂದು ರಾಣಿ ಮೇರಿಯು ಆಕೆಯ ಆಟವನ್ನು ನೋಡಲೆಂದೇ ಬಂದು ಕಾದಿದ್ದಳು. ಅಧಿಕಾರಿಗಳು ಗದರಿದರು, ಸುಜಾನ್ ಅತ್ತು, ಆಡಲು ನಿರಾಕರಿಸಿದಳು. ತಿಳಿವಳಿಕೆಯ ಕೊರತೆಯಿಂದ ಆದ ತಪ್ಪು ರಾಣಿಗೆ ಮಾಡಿದ ಅಪಮಾನವೆಂದು ಪತ್ರಿಕೆಗಳಲ್ಲಿ ಪ್ರಚಾರವಾಯಿತು. ಮುಂದಿನ ದಿನಗಳಲ್ಲಿ ಅಂಗಣಕ್ಕೆ ಇಳಿದಾಗ, ಏಳು ವರ್ಷ ಆಕೆಯನ್ನು ಆರಾಧಿಸಿದ ಜನರೇ ತಣ್ಣನೆಯ ಮೌನದಿಂದ ಬರಮಾಡಿಕೊಂಡರು. ಆಕೆ ಸ್ಪರ್ಧೆಯನ್ನು ಬಿಟ್ಟು ಹೊರಟಳು. ವಿಂಬಲ್ಡನ್ನಿನಲ್ಲಿ ಮತ್ತೆಂದೂ ಆಡಲಿಲ್ಲ.

ಇಲ್ಲಿ ಓದುಗರು ಅಂದಿನ ಟೆನಿಸ್ ವ್ಯವಸ್ಥೆಯನ್ನು ಸ್ವಲ್ಪ ತಿಳಿಯಬೇಕಾಗುತ್ತದೆ. ವಿಂಬಲ್ಡನ್ ಮೊದಲಾದ ದೊಡ್ಡ ಸ್ಪರ್ಧೆಗಳೆಲ್ಲ ಹವ್ಯಾಸಿಗಳಿಗೆ ಮಾತ್ರ ಮೀಸಲು. ಆಟದಿಂದ ಹಣ ಪಡೆದವರು ಅಲ್ಲಿಗೆ ಕಾಲಿಡುವಂತಿಲ್ಲ. ಆಟವನ್ನು ಆಟಕ್ಕಾಗಿಯೇ ಆಡಬೇಕೆಂಬ ಈ ಆದರ್ಶವು ಕೇಳಲು ಉದಾತ್ತವಾದುದು. ಆದರೆ ವರ್ಷದ ಬಹುಭಾಗವನ್ನು ಅಭ್ಯಾಸದಲ್ಲಿಯೂ ಪ್ರಯಾಣದಲ್ಲಿಯೂ ಕಳೆದು, ಸಂಪಾದನೆಯಿಲ್ಲದೆ ಬದುಕಬಲ್ಲವರು ಯಾರು? ಪಿತ್ರಾರ್ಜಿತವುಳ್ಳವರು. ಉಳಿದವರು ಪ್ರಯಾಣವೆಚ್ಚ, ವಸತಿ, ಕಾಣಿಕೆ ಎಂಬ ಹೆಸರುಗಳಲ್ಲಿ ಮರೆಯಲ್ಲಿ ಸಿಕ್ಕಿದ್ದನ್ನು ಪಡೆಯುತ್ತಿದ್ದರು. ಅದು ಎಲ್ಲರಿಗೂ ಗೊತ್ತಿದ್ದು ಯಾರೂ ಬಾಯಿಬಿಡದ ಸಂಗತಿಯಾಗಿದ್ದಿತು. ಸುಜಾನಳೂ ಅಂಥ ಅನುಕೂಲಗಳನ್ನು ಪಡೆದವಳೇ, ಸಂನ್ಯಾಸಿನಿಯಂತೆ ಬದುಕಿದವಳಲ್ಲ. ಆದರೆ ಟಿಕೀಟಿನ ಹಣ ಸಂಘಟಕರ ಪೆಟ್ಟಿಗೆಗೆ ಹೋಗುತ್ತಿದ್ದಿತು. ಅದನ್ನು ತುಂಬಿಸಿದವಳ ಪಾಲಿಗೆ ಹಕ್ಕೆಂದು ಹೇಳಿಕೊಳ್ಳುವಂಥದು ಏನೂ ಬರುತ್ತಿರಲಿಲ್ಲ.

1926ರ ಆಗಸ್ಟಿನಲ್ಲಿ ಸುಜಾನ್ ಲೆಂಗ್ಲೆನ್ ಅಮೆರಿಕದ ಕ್ರೀಡಾಪ್ರದರ್ಶನಗಳ ವ್ಯವಸ್ಥಾಪಕ ಸಿ. ಸಿ. ಪೈಲ್ ಎಂಬುವನೊಡನೆ ಒಪ್ಪಂದಕ್ಕೆ ಸಹಿ ಹಾಕಿದಳು. ಸಂಭಾವನೆ 50,000 ಡಾಲರ್ ಎಂದು ವರದಿಯಾಯಿತು. ತನ್ನ ನಿರ್ಧಾರಕ್ಕೆ ಕಾರಣವನ್ನು ಆಕೆ ಮುಚ್ಚಿಡಲಿಲ್ಲ. ಹನ್ನೆರಡು ವರ್ಷ ತಾನು ಆಡಿದ ಆಟದಿಂದ ಇತರರು ಅಪಾರ ಹಣವನ್ನು ಗಳಿಸಿದರೆಂದೂ, ತಾನಾದರೋ ಸ್ಪರ್ಧೆಗೆ ಸೇರಲು ಶುಲ್ಕವನ್ನು ತೆರುತ್ತ ಬಂದೆನೆಂದೂ, ಬೇರೆ ಯಾವ ವೃತ್ತಿಯವರಿಗೂ ಕಡಿಮೆಯಿಲ್ಲದಂತೆ ದುಡಿದ ತನಗೆ 27ನೆಯ ವಯಸ್ಸಿನಲ್ಲಿ ಕೂಡಿಟ್ಟುದು ಏನೂ ಇಲ್ಲವೆಂದೂ ಆಕೆ ವಿವರಿಸಿದಳು. ಈ ನಿಯಮಗಳ ಕೆಳಗೆ ಶ್ರೀಮಂತರು ಮಾತ್ರ ಸ್ಪರ್ಧಿಸಬಲ್ಲರೆಂಬುದನ್ನೂ ಸ್ಪಷ್ಟವಾಗಿ ಹೇಳಿದಳು.

ಪ್ರತಿಕ್ರಿಯೆ ಕಠಿಣವಾಗಿದ್ದಿತು. ಹವ್ಯಾಸಿ ಟೆನಿಸಿನ ಬಾಗಿಲುಗಳು ಆಕೆಗೆ ಮುಚ್ಚಿದುವು. ವಿಂಬಲ್ಡನ್ ಸ್ಪರ್ಧೆಯನ್ನು ನಡೆಸುವ ಆಲ್ ಇಂಗ್ಲೆಂಡ್ ಕ್ಲಬ್ಬು ಆಕೆಗೆ ನೀಡಿದ್ದ ಗೌರವ ಸದಸ್ಯತ್ವವನ್ನು ಹಿಂದಕ್ಕೆ ತೆಗೆದುಕೊಂಡಿತು. ಯಾರಿಗಾಗಿ ಮೈದಾನವೇ ಸಾಲದಾಗಿದ್ದಿತೋ ಆಕೆ ಈಗ ಹೊರಗಿನವಳಾದಳು. 1926ರ ಅಕ್ಟೋಬರ್ 9ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ವೃತ್ತಿಪರ ಟೆನಿಸಿನ ಆ ಪ್ರವಾಸವು ಆರಂಭವಾಯಿತು. ಸುಮಾರು 13,000 ಜನ ನೋಡಲು ಬಂದರು. ಅಮೆರಿಕದ ಮಾಜಿ ಚಾಂಪಿಯನ್ ಮೇರಿ ಬ್ರೌನ್ ಆಕೆಯ ಎದುರಾಳಿ. ಅಮೆರಿಕ, ಕೆನಡಾ, ಕ್ಯೂಬಾಗಳ ಊರುಗಳಲ್ಲಿ ತಿಂಗಳುಗಟ್ಟಲೆ ಇಬ್ಬರೂ ಆಡಿದರು. 38 ಪಂದ್ಯಗಳು; ಮೂವತ್ತೆಂಟನ್ನೂ ಸುಜಾನ್ ಗೆದ್ದಳು. ದಿನವೂ ಹೊಸ ಊರು, ದಿನವೂ ಅದೇ ಎದುರಾಳಿ, ದಿನವೂ ಅದೇ ಫಲ. ಸ್ಪರ್ಧೆಯ ಉತ್ಕಂಠವಿಲ್ಲದ ಆ ಗೆಲುವುಗಳಿಂದ ಆಕೆಗೆ ಹಣ ಬಂದಿತಾದರೂ ಹಳೆಯ ಅಂಗಣಗಳ ಸಂತೋಷ ಬರುವಂತಿರಲಿಲ್ಲ. 1927ರಲ್ಲಿ ಇಂಗ್ಲೆಂಡಿನಲ್ಲಿ ಕೆಲವು ಪ್ರದರ್ಶನಗಳನ್ನು ನೀಡಿ ಸ್ಪರ್ಧಾಜೀವನದಿಂದ ನಿವೃತ್ತಳಾದಳು.

ಅನಂತರದ ಹತ್ತು ವರ್ಷಗಳು ಶಾಂತವಾಗಿ ಕಳೆದುವು. 1929ರಲ್ಲಿ ತಂದೆ ತೀರಿಕೊಂಡನು. ಟೆನಿಸ್ ಕುರಿತು ಪುಸ್ತಕಗಳನ್ನು ಬರೆದಿದ್ದ, ಒಂದು ಕಾದಂಬರಿಯನ್ನೂ ಪ್ರಕಟಿಸಿದ್ದ ಆಕೆ ಈಗ ಗುರುವಾದಳು. ಪ್ಯಾರಿಸಿನಲ್ಲಿ ಟೆನಿಸ್ ಶಾಲೆಯೊಂದನ್ನು ನಡೆಸುತ್ತ ಮಕ್ಕಳಿಗೆ ಆಟವನ್ನು ಕಲಿಸಿದಳು. 1938ರ ಬೇಸಗೆಯಲ್ಲಿ ಮಾರಕವಾದ ರಕ್ತಹೀನತೆಯಿಂದ ಹಾಸಿಗೆ ಹಿಡಿದಳು. ಜುಲೈ 2ರಂದು ಹೆಲೆನ್ ವಿಲ್ಸ್ ವಿಂಬಲ್ಡನ್ನಿನಲ್ಲಿ ತನ್ನ ಎಂಟನೆಯ ಸಿಂಗಲ್ಸ್ ಪ್ರಶಸ್ತಿಯನ್ನು ಗೆದ್ದು, ಲೆಂಗ್ಲೆನಳ ಆರನ್ನು ಎಂದೋ ಹಿಂದಿಕ್ಕಿದ್ದ ತನ್ನ ದಾಖಲೆಯನ್ನು ಪೂರ್ಣಗೊಳಿಸಿದಳು. ಎರಡು ದಿನಗಳ ಮೇಲೆ, ಜುಲೈ 4ರಂದು, ಸುಜಾನ್ ಪ್ಯಾರಿಸಿನಲ್ಲಿ ಕೊನೆಯುಸಿರೆಳೆದಳು. ಆಗ ವಯಸ್ಸು 39.

ಆಕೆ ಎತ್ತಿದ ಪ್ರಶ್ನೆ ಮಾತ್ರ ಆಕೆಯೊಡನೆ ಸಾಯಲಿಲ್ಲ. ಆಕೆಯ ದಾರಿಯಲ್ಲಿ ಒಬ್ಬೊಬ್ಬರಾಗಿ ಶ್ರೇಷ್ಠ ಆಟಗಾರರು ಹವ್ಯಾಸಿ ವಲಯವನ್ನು ಬಿಟ್ಟು ವೃತ್ತಿಪರರಾದರು. ದೊಡ್ಡ ಸ್ಪರ್ಧೆಗಳಲ್ಲಿ ಅವರ ಸ್ಥಾನಗಳು ಬರಿದಾದುವು. 1968ರಲ್ಲಿ ವಿಂಬಲ್ಡನ್ ಹವ್ಯಾಸಿಗಳಿಗೂ ವೃತ್ತಿಪರರಿಗೂ ಒಟ್ಟಿಗೆ ಬಾಗಿಲು ತೆರೆದು, ಗೆದ್ದವರಿಗೆ ಬಹಿರಂಗವಾಗಿ ಹಣವನ್ನು ನೀಡಿತು. ಲೆಂಗ್ಲೆನ್ ಒಪ್ಪಂದಕ್ಕೆ ಸಹಿ ಹಾಕಿ ಆಗ 42 ವರ್ಷಗಳಾಗಿದ್ದುವು. ಆ ವರ್ಷವೂ ನ್ಯಾಯ ಪೂರ್ಣವಾಗಲಿಲ್ಲ. ಪುರುಷರ ಸಿಂಗಲ್ಸ್ ಗೆದ್ದ ರಾಡ್ ಲೇವರನಿಗೆ 2,000 ಪೌಂಡ್ ಬಂದರೆ ಮಹಿಳೆಯರಲ್ಲಿ ಗೆದ್ದ ಬಿಲ್ಲಿ ಜೀನ್ ಕಿಂಗಳಿಗೆ ದೊರೆತುದು 750. ವಿಂಬಲ್ಡನ್ನಿನಲ್ಲಿ ಇಬ್ಬರ ಬಹುಮಾನವೂ ಸಮಾನವಾಗಲು 2007ರವರೆಗೆ ಕಾಯಬೇಕಾಯಿತು.

ಇಂದು ಪ್ಯಾರಿಸಿನ ರೋಲಾ ಗಾರೊ ಕ್ರೀಡಾಂಗಣದ ಎರಡನೆಯ ಮುಖ್ಯ ಅಂಗಣಕ್ಕೆ ಸುಜಾನ್ ಲೆಂಗ್ಲೆನಳ ಹೆಸರಿದೆ. ಅಲ್ಲಿ ಮಹಿಳೆಯರ ಸಿಂಗಲ್ಸ್ ಗೆದ್ದವಳು ಎತ್ತಿಹಿಡಿಯುವ ಬಟ್ಟಲಿಗೂ ಆಕೆಯ ಹೆಸರೇ. ಆ ಕ್ರೀಡಾಂಗಣವನ್ನು ಕಟ್ಟಿದುದು 1928ರಲ್ಲಿ. ಫ್ರೆಂಚ್ ಚಾಂಪಿಯನ್‌ಷಿಪ್ಪಿನಲ್ಲಿ ಅಷ್ಟು ಬಾರಿ ಗೆದ್ದ ಆಕೆಗೆ ಅಲ್ಲಿ ಸ್ಪರ್ಧಿಸುವ ಅವಕಾಶವೇ ಒದಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಆಕೆ ತನ್ನ ದುಡಿಮೆಗೆ ಕೂಲಿ ಕೇಳಿದವಳಾಗಿದ್ದಳು. ಬಟ್ಟಲಿನೊಡನೆ ಇಂದಿನ ವಿಜೇತೆಗೆ ಲಕ್ಷಗಟ್ಟಲೆ ಹಣವೂ ದೊರೆಯುತ್ತದೆ. ಅದನ್ನು ಪಡೆಯಲು ಆಕೆ ಯಾರೆದುರಿಗೂ ತಲೆತಗ್ಗಿಸಬೇಕಾಗಿಲ್ಲ. ಬಟ್ಟಲಿನ ಮೇಲಿನ ಹೆಸರಿಗೆ ಆ ಹಣದೊಡನೆ ಇರುವ ಸಂಬಂಧವನ್ನು ಟೆನಿಸ್ ಪ್ರಿಯರು ಮರೆಯಬಾರದು.